ಹೆಣ ಉಗುಳಿದ ಅಕ್ಕಿ

ಕುದುರೆಗಳು ಮಾತಾಡುತ್ತಿದ್ದ ಕಾಲದಲ್ಲಿ ಕೆಂಬರೆ ಎಂಬ ರಾಜ್ಯವಿತ್ತು. ಅಲ್ಲಿನ ದೊರೆ ಬಲ್ಲರಸ ಯುದ್ಧ ಸಾಕೆಂದು ವೈರಿಗಳೊಡನೆ ಸಂಧಿಗೆ ಹೊರಟಿದ್ದ. ಸೇನಾಪತಿ ಕೇತಮಲ್ಲನಿಗೆ ಸಂಧಿ ಬೇಕಿರಲಿಲ್ಲ, ಸಿಂಹಾಸನ ಬೇಕಿತ್ತು. ಡೇರೆಯಲ್ಲೇ ದೊರೆಯ ಬೆನ್ನಿಗೆ ಇರಿದ. ಅಡ್ಡ ಬಂದ ಅಂಗರಕ್ಷಕ ಬೊಮ್ಮನನ್ನೂ ಕೊಂದ. ಆಮೇಲೆ ಒಬ್ಬ ಮಂತ್ರವಾದಿಯಿಂದ ಮುಖ ಅದಲುಬದಲು ಮಾಡಿಸಿಕೊಂಡ. ದೊರೆಯ ಮುಖ ಅವನಿಗೆ ಬಂತು, ಅವನ ಮುಖ ದೊರೆಯ ಹೆಣಕ್ಕೆ ಹೋಯಿತು.

ರಾಜಧಾನಿಗೆ ಬಂದವನೇ ಡಂಗುರ ಹೊಡೆಸಿದ: "ದ್ರೋಹಿ ಬೊಮ್ಮ ನಮ್ಮ ವೀರ ಸೇನಾಪತಿ ಕೇತಮಲ್ಲನನ್ನು ಕೊಂದ. ಕೇತಮಲ್ಲನಿಗೆ ರಾಜಮರ್ಯಾದೆ! ಬೊಮ್ಮನ ಹೆಣ ಕೋಟೆಯಾಚೆ ಬಿಸಾಡಿ. ಯುದ್ಧಕ್ಕೆ ಮನೆಗೊಬ್ಬರು ಬರಬೇಕು!"

ತನ್ನ ಹೆಸರಿನ ಹೆಣಕ್ಕೆ ತಾನೇ ಮೆರವಣಿಗೆ ಮಾಡಿಸುವವನ ಸೊಕ್ಕು ನೋಡಿ! ಜನರಾದರೂ ಒಂದು ಮಾತು ಕೇಳಿದರೇ? ಕಿರೀಟ ಕಂಡೊಡನೆ ಅಡ್ಡಬಿದ್ದರು. ನಿನ್ನೆಯವರೆಗೂ ಬೊಮ್ಮನ ಮನೆಯಲ್ಲಿ ಉಂಡವರೇ ಅವನ ಹೆಣಕ್ಕೆ ಕಲ್ಲು ಹೊಡೆದರು. ಥೂ, ನಾಚಿಕೆಗೆಟ್ಟವರು!

ಬೊಮ್ಮನ ಕುದುರೆ ಮನೆಗೆ ಓಡಿಬಂದು ಅವನ ತಂಗಿ ಸಾತವ್ವನಿಗೆ ನಡೆದದ್ದೆಲ್ಲ ಹೇಳಿತು. ಕುದುರೆಯ ಮಾತು ಮೇವು ಹಾಕಿದವರಿಗೆ ಮಾತ್ರ ತಿಳಿಯುತ್ತಿತ್ತು. ಸಾತವ್ವ ನೇರ ರಾಜಸಭೆಗೆ ನುಗ್ಗಿದಳು.

"ಇವನು ದೊರೆ ಅಲ್ಲ! ದೊರೇನೂ ನಮ್ಮಣ್ಣನ್ನೂ ಕೊಂದ ಕೇತಮಲ್ಲ ಇವನು!"

ಪರೀಕ್ಷೆಗೆ ಪಟ್ಟದಾನೆಯನ್ನು ತಂದರು. ಆನೆ ಮುಖ ಮೂಸಿ ನೋಡಿ ಮಂಡಿಯೂರಿತು. ಸಭೆ ನಕ್ಕಿತು. ರಾಣಿಯನ್ನು ಕರೆಸಿದರು. ಅವಳು ಹುಬ್ಬಿನ ಮೇಲಿನ ಗಾಯದ ಗುರುತು ನೋಡಿ, "ಇವರೇ ನಮ್ಮ ದೊರೆಗಳು" ಎಂದಳು. ಸಭೆ ಇನ್ನೂ ಜೋರಾಗಿ ನಕ್ಕಿತು.

"ಹಾಗಾದ್ರೆ ದೊರೆ ಮಾಡೋ ಕೆಲಸ ಮಾಡ್ಲಿ! ರಾಜಮರ್ಯಾದೆ ಅಂದ್ರಲ್ಲ, ಸೇನಾಪತಿ ಬಾಯಿಗೆ ಅಕ್ಕಿ ಹಾಕ್ಲಿ!" ಎಂದಳು ಸಾತವ್ವ.

ಯುದ್ಧದಲ್ಲಿ ಸತ್ತವರ ಬಾಯಿಗೆ ದೊರೆಯೇ ಮೊದಲ ಅಕ್ಕಿ ಹಾಕುವುದು ಕೆಂಬರೆಯ ಪದ್ಧತಿ. ಕೊಂದವನ ಕೈಯಕ್ಕಿಯನ್ನು ಹೆಣ ಒಲ್ಲೆ ಎನ್ನುತ್ತದೆ ಎಂಬುದು ಸಿಪಾಯಿಗಳ ಮನೆಯಲ್ಲಿ ಎಲ್ಲರಿಗೂ ಗೊತ್ತು. ಕೇತಮಲ್ಲ ಊರೂರನ್ನೇ ಸಾಯಲು ಕಳಿಸಿದವನು. ಒಬ್ಬನ ಹೆಣದ ಮುಂದಾದರೂ ನಿಂತಿದ್ದರೆ ತಾನೇ ಗೊತ್ತಿರುವುದು? "ಇಷ್ಟೇನಾ?" ಎಂದು ನಗುತ್ತಲೇ ಹೆಣ ತರಿಸಿ ಅದರ ಬಾಯಿಗೆ ಹಿಡಿ ಅಕ್ಕಿ ಹಾಕಿದ.

ಹೆಣ ಅವನ ಮುಖಕ್ಕೇ ಉಗುಳಿತು. ಕಾಳು ಬಿದ್ದಲ್ಲೆಲ್ಲ ದೊರೆಯ ಮುಖ ಸುಲಿದು ಕೇತಮಲ್ಲನ ಮುಖ ಹೊರಬಂತು. ಹೆಣದ ಮೇಲೆ ಬಲ್ಲರಸನ ಮುಖ ಮೂಡಿತು. ರಾಣಿ ಚೀರಿದಳು. ಕೇತಮಲ್ಲನ ಕೈಗೆ ಕೋಳ ಬಿತ್ತು, ಮಾಟ ಮುರಿದು ಮಂತ್ರವಾದಿ ನಿಂತಲ್ಲೇ ಬೂದಿಯಾದ.

ರಾಣಿಯೇ ಮುಂದೆ ನಿಂತು ಬೊಮ್ಮನ ಹೆಣವನ್ನು ಕೋಟೆಯೊಳಗೆ ತರಿಸಿದಳು. ಜನ ಸಾತವ್ವನ ಕಾಲಿಗೆ ಬಿದ್ದರು. "ತಪ್ಪಾಯ್ತವ್ವಾ, ನಮಗೆ ಗೊತ್ತಿರಲಿಲ್ಲ."

"ಗೊತ್ತಿಲ್ಲದೆ ಕಲ್ಲು ಹೊಡೀತಾರೇನ್ರಯ್ಯಾ? ಈಗ ಅದೇ ಕೈಯಲ್ಲಿ ಅಕ್ಕಿ ಹಾಕಿ. ನಮ್ಮಣ್ಣ ತಗೋತಾನೋ ಉಗೀತಾನೋ, ನೋಡೇಬಿಡೋಣ!"

ಒಬ್ಬೊಬ್ಬರೇ ಬಂದು ಹಾಕಿದರು. ಬೊಮ್ಮ ಯಾರ ಅಕ್ಕಿಯನ್ನೂ ಉಗುಳಲಿಲ್ಲ. ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದ ಸಾತವ್ವ ಆಗ ಗೋಳೋ ಎಂದು ಅತ್ತಳು.

ರಾಣಿ ಸಂಧಿ ಮಾಡಿಕೊಂಡಳು, ಯುದ್ಧ ನಿಂತಿತು, ಕೆಂಬರೆಯ ಜನರೆಲ್ಲ ಸುಖವಾಗಿ ಬಾಳಿದರು. ಬಾಳಲಿ ಬಿಡಿ. ಬೊಮ್ಮನಷ್ಟು ದೊಡ್ಡ ಮನಸ್ಸು ನನಗಂತೂ ಇಲ್ಲ.