ಕೇಳದೆ ಬಡಿಸಿದ ಬೆಣ್ಣೆ

"ಇನ್ನೊಂದು ಸಲ ತೂಗ್ತೀನಿ," ಎಂದಳು ಅವಳು.

ಮಧ್ಯಾಹ್ನದ ಊಟದ ಸಾಲು ಕ್ಯಾಂಟೀನಿನ ಬಾಗಿಲು ದಾಟಿ ಮೆಟ್ಟಿಲವರೆಗೆ ಬೆಳೆದಿತ್ತು. ಹಿಂದಿದ್ದವರು ಗೊಣಗುತ್ತಿದ್ದರು. ಅವಳು ಮಾತ್ರ ಚೀಲದಿಂದ ಪುಟ್ಟ ತಕ್ಕಡಿ ತೆಗೆದು, ಆಗಷ್ಟೇ ಕೊಂಡ ಊಟದ ಡಬ್ಬಿಯನ್ನು ಅದರ ಮೇಲಿಟ್ಟಿದ್ದಳು. ಮುಚ್ಚಳದ ಚೀಟಿಯಲ್ಲಿ ಎರಡು ಅಂಕಿಗಳಿದ್ದವು, ಒಂದು ತೂಕದ್ದು, ಇನ್ನೊಂದು ಕ್ಯಾಲೊರಿಯದು.

"ಮೇಡಂ, ಇದು ಊಟ. ಚಿನ್ನ ಅಲ್ಲ," ಎಂದ ಕ್ಯಾಂಟೀನ್ ನಡೆಸುವವನು, ಸೌಟು ಹಿಡಿದೇ.

"ನನಗೆ ಅದಕ್ಕಿಂತ ಹೆಚ್ಚು."

ಅವಳು ನಗಲಿಲ್ಲ. ಆ ಕಣ್ಣುಗಳಲ್ಲಿದ್ದ ಹೆದರಿಕೆ ಕಂಡು ಅವನ ನಗುವೂ ಅರ್ಧಕ್ಕೇ ನಿಂತಿತು.

ಅವಳು ಮೇಲಿನ ಮಹಡಿಯ ಪಾರ್ಸೆಲ್ ಕಚೇರಿಯವಳು. ದಿನವಿಡೀ ಪೆಟ್ಟಿಗೆ ತೂಗುವುದೇ ಕೆಲಸ. ತೂಕ ತಾಳೆಯಾದರೆ ಮೊಹರು, ಆಗದಿದ್ದರೆ ವಾಪಸ್ಸು. ಒಳಗೇನಿದೆ ಎಂದು ಬಿಚ್ಚಿ ನೋಡುವ ಅಧಿಕಾರ ಅವಳಿಗಿರಲಿಲ್ಲ, ಬರಬರುತ್ತಾ ಆ ಕುತೂಹಲವೂ ಉಳಿದಿರಲಿಲ್ಲ.

ಮನೆಯಲ್ಲಿ ಅಣ್ಣ ಹಾಸಿಗೆ ಹಿಡಿದಿದ್ದ. ಅವನ ಲಿವರ್ ಪೂರ್ತಿ ಕೆಟ್ಟಿತ್ತು. ತಂಗಿ ತನ್ನದರಲ್ಲಿ ಒಂದು ಭಾಗ ಕೊಟ್ಟರೆ ಬದುಕುತ್ತಾನೆ ಎಂದಿದ್ದರು ಡಾಕ್ಟರ್. ಕೊಡಲು ಅವಳು ಸಿದ್ಧಳಿದ್ದಳು. ಆದರೆ ಅವಳ ಲಿವರಿನಲ್ಲೂ ಕೊಬ್ಬು ತುಂಬಿತ್ತು. ತೂಕ ಇಳಿಯಲಿ, ಕೊಬ್ಬು ಕರಗಲಿ, ಅಲ್ಲಿಯವರೆಗೆ ಕತ್ತರಿ ಮುಟ್ಟುವುದಿಲ್ಲ ಎಂದುಬಿಟ್ಟಿದ್ದರು.

ಚಿಕ್ಕಂದಿನಿಂದ ಅವಳನ್ನು 'ಗುಂಡಮ್ಮ' ಎಂದು ರೇಗಿಸುತ್ತಿದ್ದ ಅಣ್ಣ, ಆ ದಿನದಿಂದ ಹಾಗೆ ಕರೆಯುವುದನ್ನೇ ಬಿಟ್ಟ. ಅವಳಿಗೆ ಹೆಚ್ಚು ಭಯ ಹುಟ್ಟಿಸಿದ್ದು ಅದೇ.

ಬೆಳಿಗ್ಗೆ, ರಾತ್ರಿ ಮನೆಯಲ್ಲಿ ಅಳೆದು ತಿನ್ನುತ್ತಿದ್ದಳು. ಮಧ್ಯಾಹ್ನಕ್ಕೆ ಮಾತ್ರ ಈ ಡಬ್ಬಿ. ದಿನವೂ ತೂಗುತ್ತಿದ್ದಳು, ದಿನವೂ ಸರಿಯಿರುತ್ತಿತ್ತು. "ತಗೊಳ್ಳಿ, ನಿಮ್ಮ ಚಿನ್ನ," ಎಂದು ಕ್ಯಾಂಟೀನಿನವನು ಎತ್ತಿಟ್ಟ ಡಬ್ಬಿ ಕೊಡುತ್ತಿದ್ದ. ಆ ಒಂದು ಮಾತಿಗಾಗಿ ತಾನು ಬೆಳಗಿನಿಂದ ಕಾಯುತ್ತಿದ್ದೇನೆ ಎಂದು ಅವಳಿಗೆ ಗೊತ್ತಾದದ್ದು ಅವನು ಜ್ವರದಿಂದ ಬಾರದಿದ್ದ ದಿನ. ಛೆ, ಅಣ್ಣ ಹಾಗೆ ಮಲಗಿರುವಾಗ ನನಗೆ ಇದೆಂಥಾ ಆಸೆ... ಎಂದು ತನ್ನನ್ನೇ ಬೈದುಕೊಂಡಿದ್ದಳು.

ಎರಡನೆಯ ಸ್ಕ್ಯಾನಿನಲ್ಲಿ ಕೊಬ್ಬು ಇದ್ದಲ್ಲೇ ಇತ್ತು.

ಡಾಕ್ಟರ್ ಗದರಲಿಲ್ಲ. ಮುಂದಿನ ಸ್ಕ್ಯಾನಿಗೂ ಹೀಗೇ ಇದ್ದರೆ ಬೇರೆ ದಾನಿಯನ್ನು ಹುಡುಕಬೇಕು, ಅಷ್ಟು ಕಾಲ ಅಣ್ಣ ತಾಳುತ್ತಾನೋ ಹೇಳಲಾಗದು ಎಂದರು. ಮನೆಗೆ ಬಂದಾಗ ಅತ್ತಿಗೆ ಏನೂ ಕೇಳದೆ ನೀರಿನ ಲೋಟ ಕೈಗಿಟ್ಟಳು. ಕದ್ದು ತಿಂದಳೆಂದು ಅತ್ತಿಗೆ ಅಂದುಕೊಂಡಿರಬಹುದೇ? ಎಲ್ಲಿ ತಪ್ಪಿದೆ? ಡಬ್ಬಿಯ ತೂಕ ಸರಿಯಿತ್ತಲ್ಲ!

ಮರುದಿನ ಅವಳಿಗೆ ತುತ್ತು ಇಳಿಯಲಿಲ್ಲ. ಪಕ್ಕದ ಕೌಂಟರಿನ ಗೆಳತಿಯದೂ ಅದೇ ಕ್ಯಾಂಟೀನಿನ, ಅದೇ ಚೀಟಿಯ ಡಬ್ಬಿ. ಬಿಸಾಡಬೇಡ ಕಣೇ ಎನ್ನುತ್ತಾ ಗೆಳತಿ ಇವಳ ಡಬ್ಬಿಯಿಂದ ಒಂದು ಚಮಚ ಬಾಯಿಗಿಟ್ಟುಕೊಂಡು ಹುಬ್ಬೇರಿಸಿದಳು.

"ನಿನ್ನ ಬೇಳೆಲಿ ಬೆಣ್ಣೆ ಇದೆ ಕಣೇ. ನನ್ನದು ಬರೀ ನೀರು."

ಹಸಿವು ರುಚಿ ಅರಿಯದು ಅನ್ನುತ್ತಾರೆ. ಹಸಿದಿದ್ದ ಅವಳಿಗೆ ಎಲ್ಲವೂ ರುಚಿಯಾಗಿತ್ತು, ಅನುಮಾನವೇ ಬಂದಿರಲಿಲ್ಲ. ಈಗ ಎರಡೂ ಡಬ್ಬಿಗಳನ್ನು ಅಕ್ಕಪಕ್ಕ ಇಟ್ಟು ಕೆದಕಿದಳು. ಗೆಳತಿಯದರಲ್ಲಿ ಅರ್ಧದಷ್ಟು ತರಕಾರಿ. ತನ್ನದರಲ್ಲಿ ತರಕಾರಿ ನಾಲ್ಕೇ ಚೂರು, ಅದರ ಜಾಗದಲ್ಲಿ ಅರೆದ ಕಡಲೆಕಾಯಿ, ಬೆಣ್ಣೆ. ತೂಕ ಮಾತ್ರ ಎರಡಕ್ಕೂ ಒಂದೇ.

ಕ್ಯಾಂಟೀನ್ ಖಾಲಿಯಾಗುವವರೆಗೆ ಕಾದು, ಡಬ್ಬಿಯನ್ನು ಅವನ ಮುಂದೆ ಬಿಚ್ಚಿಟ್ಟಳು. ಅವನ ಮುಖ ಬಿಳಿಚಿತು.

"ತಲೆ ಸುತ್ತಿ ಈ ಕಟ್ಟೆ ಹಿಡ್ಕೊಂಡ್ರಲ್ಲ ಅವತ್ತು... ಯಾವನೋ ದಪ್ಪ ಅಂದಿರ್ಬೇಕು, ಅದಕ್ಕೆ ಉಪವಾಸ ಬಿದ್ದಿದ್ದಾರೆ ಅಂದ್ಕೊಂಡೆ. ನೋಡೋಕಾಗ್ಲಿಲ್ಲ. ಜಾಸ್ತಿ ಹಾಕಿದ್ರೆ ತಕ್ಕಡಿ ಹೇಳ್ಬಿಡುತ್ತೆ. ಅದಕ್ಕೆ ತರಕಾರಿ ತೆಗೆದು..."

"ನಮ್ಮಣ್ಣ ಸಾಯ್ತಿದ್ದಾನೆ," ಎಂದಳು ಅವಳು.

ಅಲ್ಲಿಯವರೆಗೆ ಕಚೇರಿಯಲ್ಲಿ ಯಾರಿಗೂ ಹೇಳದಿದ್ದುದನ್ನೆಲ್ಲ ನಿಂತಲ್ಲೇ ಹೇಳಿದಳು. ಧ್ವನಿ ಏರಲಿಲ್ಲ, ಕಣ್ಣೀರು ಮಾತ್ರ ತನ್ನಷ್ಟಕ್ಕೆ ಸುರಿಯಿತು. ಅವನು ಕುಸಿದು ಕುಳಿತ.

"ಕೇಳ್ಬಹುದಿತ್ತಲ್ಲ ನನ್ನ? ಇನ್ಮೇಲೆ ನಾನು ಕೇಳಿದ ದಿನ ಹಾಕಿ. ಕೇಳದೆ ಏನೂ ಹಾಕ್ಬೇಡಿ," ಎಂದು ಹೊರಟಳು.

ಆಮೇಲೆ ಅವಳು ಕ್ಯಾಂಟೀನಿನತ್ತ ಸುಳಿಯಲಿಲ್ಲ. ಮನೆಯಿಂದ ಎರಡು ಸೌತೆಕಾಯಿ ತಂದು ತಿನ್ನುವಳು, ಸಂಜೆ ತಲೆ ಸುತ್ತುವುದು. ಹೀಗೆ ಬಿದ್ದರೆ ಆಪರೇಷನ್ ಇನ್ನೂ ದೂರ ಎಂಬ ಭಯ ಬೇರೆ. ಒಂದು ಬೆಳಿಗ್ಗೆ ಅವನೇ ಪಾರ್ಸೆಲ್ ಕೌಂಟರಿಗೆ ಬಂದು ನಿಂತ. ಅವಳ ಆಸ್ಪತ್ರೆಯ ಆಹಾರ ತಜ್ಞೆಯನ್ನು ಕಂಡು ಕೇಳಿ ಬಂದಿದ್ದನಂತೆ.

ಕ್ಷಮಿಸಿ ಎನ್ನುವ ಮೊದಲು ಅವನು ಇನ್ನೊಂದು ತಪ್ಪು ಒಪ್ಪಿಕೊಂಡ. ಬೆಣ್ಣೆ ಹಾಕದ ಡಬ್ಬಿಯ ಅಂಕಿಯೂ ಅಂದಾಜೇ. ದೊಡ್ಡ ಪಾತ್ರೆಗೆ ಎಣ್ಣೆಯನ್ನು ಕಣ್ಣಳತೆಯಲ್ಲಿ ಸುರಿಯುತ್ತಾನೆ, ಯಾವ ಡಬ್ಬಿಗೆ ಎಷ್ಟು ಹೋಯಿತೋ ಅವನಿಗೂ ಗೊತ್ತಿಲ್ಲ.

"ಕ್ಯಾಂಟೀನ್ ತೆಗೆಯೋ ಮುಂಚೆ ಬನ್ನಿ. ನಿಮ್ಮ ಪಾಲು ಬೇರೆ ಪಾತ್ರೆಲಿ ಮಾಡ್ತೀನಿ. ಎಣ್ಣೆ, ಬೇಳೆ, ಎಲ್ಲ ಒಲೆ ಮೇಲಿಡೋ ಮೊದಲು ನೀವೇ ತೂಗಿ. ನನ್ನ ನಂಬಬೇಡಿ, ನೋಡ್ತಾ ನಿಂತ್ಕೊಳ್ಳಿ ಸಾಕು."

ಅವಳು ಹೋದಳು. ಮೊದಮೊದಲು ಬಾಗಿಲಲ್ಲೇ ನಿಂತು ನೋಡಿದಳು. ಬರಬರುತ್ತಾ ಎಣ್ಣೆಯ ಚಮಚ ಅವಳ ಕೈಗೇ ಬಂತು. ಅವನು ಅಣ್ಣನ ಸುದ್ದಿ ವಿಚಾರಿಸುತ್ತಿದ್ದ, ಪ್ರೀತಿಯ ಮಾತು ಒಂದನ್ನೂ ಆಡುತ್ತಿರಲಿಲ್ಲ. ಬೆಣ್ಣೆಯ ಡಬ್ಬ ಮಾತ್ರ ಕಪಾಟಿನ ತುತ್ತತುದಿಗೆ ಏರಿ ಕುಳಿತಿತ್ತು.

ಅವಳ ಉಡುಪು ಸಡಿಲವಾಗತೊಡಗಿತು. ಸ್ಕ್ಯಾನಿನ ದಿನ ಬಂತು. ಅವನು ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದ. ಡಾಕ್ಟರ್ ಪರದೆಯನ್ನು ನೋಡಿದರು, ಮತ್ತೆ ನೋಡಿದರು... "ಆಪರೇಷನ್ ಮಾಡಬಹುದು" ಎಂದರು.

ಆಪರೇಷನ್ ಮುಗಿದು ಅವಳಿಗೆ ಎಚ್ಚರವಾದಾಗ ಮೊದಲು ಕಂಡದ್ದು ಅತ್ತಿಗೆಯ ಮುಖ. ಮರುದಿನ ಅತ್ತಿಗೆಯೇ ಸುದ್ದಿ ತಂದಳು, ಅಣ್ಣ ಕಣ್ಣು ಬಿಟ್ಟನಂತೆ. ಬಿಟ್ಟವನೇ ಕೇಳಿದ್ದು ಒಂದೇ ಪ್ರಶ್ನೆಯಂತೆ, ನಮ್ಮ ಗುಂಡಮ್ಮ ಹೇಗಿದ್ದಾಳೆ?

ಹೊಲಿಗೆ ನೋಯುತ್ತಿದ್ದರೂ ಅವಳು ನಕ್ಕು, ಅತ್ತಳು.

ಮಾಮೂಲಿ ಊಟ ಮಾಡಬಹುದೆಂದು ಡಾಕ್ಟರ್ ಹೇಳಿದ ದಿನ ಕ್ಯಾಂಟೀನಿನವನು ಡಬ್ಬಿ ಹಿಡಿದು ಬಂದ. ಮುಚ್ಚಳದ ಮೇಲೆ ಚೀಟಿ ಇರಲಿಲ್ಲ. ಜೇಬಿನಿಂದ ತಕ್ಕಡಿ ತೆಗೆಯಹೋದ. ಅವಳು ಅವನ ಕೈ ಹಿಡಿದು ತಡೆದಳು. ಆ ಕೈ ತಣ್ಣಗಿತ್ತು, ಅವಳಷ್ಟೇ ಅವನೂ ಹೆದರಿದ್ದ.

"ಇವತ್ತು ತೂಗೋದು ಬೇಡ," ಎಂದಳು.

"ಬರೀ ಬೇಳೆ, ತರಕಾರಿ ತಂದಿದ್ದೀನಿ. ನಾನೇನೂ ಹಾಕಿಲ್ಲ, ನಿಜ."

"ಬೆಣ್ಣೆ ತಂದಿದ್ದೀರಾ?"

ಅವನು ತಲೆ ತಗ್ಗಿಸಿ, ಚೀಲದ ಅಡಿಯಿಂದ ಪುಟ್ಟ ಪೊಟ್ಟಣವೊಂದನ್ನು ತೆಗೆದ. "ಕೇಳಿದ್ರೆ ಇರ್ಲಿ ಅಂತ..."

"ಕೇಳ್ತಿದ್ದೀನಿ. ಒಂದು ಚೂರು ಹಾಕಿ."

"ಎಷ್ಟು?"

"ನಿಮ್ಮ ಕಣ್ಣಳತೆ," ಎಂದಳು, ಕೈ ಬಿಡದೆ.