ಸಾಕುಪಟ್ಟಿ

ಹಿಮಲೋಕದ ಹೊರಬಾಗಿಲ ಬಳಿ ತುಮಕೂರಿನ ಒಂದು ಸಂಸಾರ ನಿಂತಿತ್ತು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ನಾಲ್ವರ ಎಡ ಮಣಿಕಟ್ಟಿಗೂ ಬೆರಳಗಲದ ಬೂದು ಪಟ್ಟಿ. ಮೂವರ ಪಟ್ಟಿಯಲ್ಲಿ ಹಸಿರು ದೀಪ ಹೊತ್ತಿಯಾಗಿತ್ತು. ಚಿಕ್ಕವಳದು ಮಾತ್ರ ಇನ್ನೂ ಹಳದಿ. ಅವಳು ಕೊನೆಯದಾಗಿ ಒಂದು ಹಿಡಿ ಹಿಮ ಬಾಚಿ ಅಪ್ಪನ ಅಂಗಿಯೊಳಗೆ ಸುರಿದಳು. ಅಪ್ಪ ಕಿರುಚಿಕೊಂಡರು, ಅವಳ ಪಟ್ಟಿ ಹಸಿರಾಯಿತು. "ನಿಮಗೆ ಸಾಕಾಗಿದೆ. ಮುಂದೆ ಜಲಲೋಕ, ಅಂದಾಜು ಒಂದೂಕಾಲು ದಿನ," ಎಂದು ಬಾಗಿಲು ಮೆಲ್ಲಗೆ ಹೇಳಿ ತೆರೆದುಕೊಂಡಿತು.

ಇದು 2058ನೆಯ ಇಸವಿಯ ಮಾತು. ಸಂಡೂರಿನ ಗುಡ್ಡಗಳಲ್ಲಿ ಅದಿರು ತೆಗೆದು ಬಿಟ್ಟುಹೋಗಿದ್ದ ಏಳು ಭಾರಿ ಗುಂಡಿಗಳನ್ನು ಒಂದು ಕಂಪನಿ ಏಳು ವಿನೋದ ಉದ್ಯಾನಗಳನ್ನಾಗಿ ಮಾಡಿ, ಅದಕ್ಕೆ ಏಳುಲೋಕ ಎಂದು ಹೆಸರಿಟ್ಟಿತ್ತು. ಹಿಮ, ಜಲ, ಸಮುದ್ರ, ಚಂದ್ರ, ಕಾಡು, ಹೀಗೆ. ಮೊದಲೆಲ್ಲ ಯಾವ ಲೋಕಕ್ಕೆ ಎಷ್ಟು ದಿನ ಎಂದು ಗೊತ್ತು ಮಾಡುವಷ್ಟರಲ್ಲಿ ಹೊರಡುವ ಮುಂಚೆಯೇ ಮನೆಯಲ್ಲಿ ಜಗಳವಾಗಿ, ಅರ್ಧ ಸಂಸಾರ ಮುಖ ಊದಿಸಿಕೊಂಡೇ ಬರುತ್ತಿತ್ತು. ಒಬ್ಬರಿಗೆ ಒಂದೇ ಗಂಟೆಗೆ ಬೇಸರ, ಇನ್ನೊಬ್ಬರಿಗೆ ಎರಡು ದಿನವಾದರೂ ಆಸೆ ತೀರದು. ಸಾಕುಪಟ್ಟಿ ಬಂದ ಮೇಲೆ ಆ ರಗಳೆ ಮುಗಿಯಿತು. ದಿನಗಳನ್ನು ಎಣಿಸುವ ಕೆಲಸ ಮನುಷ್ಯರ ಕೈತಪ್ಪಿ ಮಣಿಕಟ್ಟಿಗೆ ಹೋಯಿತು. ಸಾಕುನಾಯಿಯ ಕೊರಳಪಟ್ಟಿಯ ಹಾಗಿದೆ ಎಂದು ಜನ ತಮಾಷೆ ಮಾಡುತ್ತಲೇ ಕಟ್ಟಿಕೊಂಡರು.

ಇದನ್ನು ಕಂಡುಹಿಡಿದ ಮೈಸೂರಿನ ನರವಿಜ್ಞಾನಿ ಡಾ. ಸುಮುಖರಿಗೆ ಈ ಯೋಚನೆ ಹೊಳೆದದ್ದು ಒಂದು ಮದುವೆಯೂಟದಲ್ಲಿ. ನಮ್ಮ ಜನ "ಸಾಕು, ಸಾಕು" ಎನ್ನುತ್ತ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಬಡಿಸುವವರು ಆ ಮಾತನ್ನು ನಂಬುವುದಿಲ್ಲ, ನಂಬಿ ಮುಂದೆ ಹೋದರೆ ಉಣ್ಣುವವರಿಗೇ ಬೇಜಾರು. ಹಾಗಾದರೆ ನಿಜವಾದ ಸಾಕು ಯಾವುದು? ಸುಮುಖರು ಹನ್ನೆರಡು ವರ್ಷ ಅದರ ಹಿಂದೆ ಬಿದ್ದರು. ಏನನ್ನಾದರೂ ಬಯಸುವಾಗ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಏರುತ್ತದೆ. ಬಯಸಿದ್ದು ಸಿಕ್ಕಾಗ ಎದೆಬಡಿತ, ಉಸಿರು, ಚರ್ಮದ ಬೆವರು ಎಲ್ಲವೂ ಸೂಕ್ಷ್ಮವಾಗಿ ಬದಲಾಗುತ್ತವೆ. ಬಯಸಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವಿನ ಅಂತರವನ್ನು ಪಟ್ಟಿ ಕ್ಷಣಕ್ಷಣವೂ ಅಳೆಯುತ್ತದೆ. ಅಂತರ ಸೊನ್ನೆಯಾಗಿ ಅಲ್ಲೇ ನಿಂತರೆ ಹಸಿರು. ಬಾಯಿ ಏನು ಹೇಳಿದರೂ ಅದಕ್ಕೆ ಲೆಕ್ಕವಿಲ್ಲ.

ಅದಕ್ಕೆ ಅವರು ಇನ್ನೊಂದು ನಿಯಮವನ್ನೂ ಸೇರಿಸಿದ್ದರು. ಅವರ ಅಜ್ಜಿಯ ಮನೆಯಲ್ಲಿ ಪಂಕ್ತಿಯಲ್ಲಿ ಕೂತವರು ಎಲ್ಲರ ಊಟ ಮುಗಿಯುವ ತನಕ ಏಳುವಂತಿರಲಿಲ್ಲ. ನಿಧಾನವಾಗಿ ಉಣ್ಣುವವರಿಗೆ ಅವಮಾನವಾಗಬಾರದು ಎಂಬ ಮರ್ಯಾದೆ ಅದು. ಹಾಗಾಗಿ ಒಟ್ಟಿಗೆ ಬಂದ ಕುಟುಂಬದ ಎಲ್ಲರ ದೀಪವೂ ಹಸಿರಾದರೆ ಮಾತ್ರ ಬಾಗಿಲು ತೆರೆಯಬೇಕು ಎಂದಾಯಿತು. ಬಾಗಿಲು ದಾಟುವವರೆಗೆ ಪಟ್ಟಿ ಬಿಚ್ಚಲೂ ಬರದು, ಬಿಚ್ಚಲು ಬಂದರೆ ಜನ ಹಸಿರಾದ ಪಟ್ಟಿಯನ್ನೇ ಕೈಯಿಂದ ಕೈಗೆ ದಾಟಿಸಿಬಿಡುತ್ತಾರೆ. ಕಂಪನಿಗೆ ಈ ನಿಯಮ ಬಹಳ ಹಿಡಿಸಿತು. "ಅತೃಪ್ತರಾಗಿ ಯಾರೂ ಮನೆಗೆ ಹೋಗುವುದಿಲ್ಲ" ಎಂದು ಟಿಕೆಟ್ಟಿನ ಮೇಲೆ ಅಚ್ಚು ಹಾಕಿಸಿದರು. ಅದರ ಕೆಳಗೆ "ಸಾಕು ಅಂದವನೇ ಸಾಹುಕಾರ" ಎಂಬ ಗಾದೆ ಬೇರೆ.

ಆ ವರ್ಷ ಬೇಸಿಗೆಯಲ್ಲಿ ಗದಗಿನಿಂದ ಮೂವರು ಹೆಣ್ಣುಮಕ್ಕಳು ಅಲ್ಲಿಗೆ ಬಂದರು. ಅಜ್ಜಿ ಭಾಗ್ಯಶ್ರೀಗೆ ಅರವತ್ತು. ಆ ಕಾಲದ ಅಜ್ಜಿಯರಿಗೆಲ್ಲ ಇಂಥವೇ ಹೆಸರುಗಳು. ಗದಗಿನ ರೈಲ್ವೆ ನಿಲ್ದಾಣದ ಹತ್ತಿರ ಆಕೆಯದೊಂದು ಖಾನಾವಳಿ. ಮಗಳು ಮೇಘನಾಗೆ ಮೂವತ್ತೊಂಬತ್ತು, ಮೊಮ್ಮಗಳು ಇಂಚರಾಗೆ ಎಂಟು. ಮೇಘನಾಳ ಗಂಡ ಹಡಗಿನ ಕೆಲಸಕ್ಕೆ ಹೋದವನು ವರ್ಷಕ್ಕೊಮ್ಮೆ ಬರುತ್ತಿದ್ದ.

ಮೇಘನಾ ಕಾಲೇಜು ಉಪನ್ಯಾಸಕರ ಆಯ್ಕೆ ಪರೀಕ್ಷೆಗೆ ಓದುತ್ತಿದ್ದಳು. ನಲವತ್ತು ದಾಟಿದರೆ ಕೂರಲು ಬಿಡುವುದಿಲ್ಲ, ಹಾಗಾಗಿ ಇದೇ ಕೊನೆಯ ಸಲ. ಅವರು ಬಂದದ್ದು ಬುಧವಾರ. ಪರೀಕ್ಷೆ ಇದ್ದದ್ದು ಧಾರವಾಡದಲ್ಲಿ, ಮರುವಾರ ಕಳೆದು ಸೋಮವಾರ. ಹಿಮಕ್ಕೆ ಒಂದು ದಿನ, ಜಲಕ್ಕೆ ಒಂದು, ಚಂದ್ರಕ್ಕೂ ಕಾಡಿಗೂ ಸೇರಿ ಎರಡು, ನಾಲ್ಕೇ ದಿನದಲ್ಲಿ ಮುಗಿಸಿದರೆ ಓದಲು ಇನ್ನೂ ಎಂಟು ದಿನ ಉಳಿಯುತ್ತದೆ ಎಂದು ಅವಳು ಚೀಟಿ ಬರೆದುಕೊಂಡಿದ್ದಳು.

ನಾಲ್ಕು ದಿನ ಅಲ್ಲ, ಹತ್ತು ದಿನ ಕಳೆದರೂ ಅವರು ಹಿಮಲೋಕದ ಬಾಗಿಲನ್ನೇ ದಾಟಲಿಲ್ಲ. ಮೇಘನಾಳದು ಮೊದಲ ಮಧ್ಯಾಹ್ನವೇ ಹಸಿರು. ಇಂಚರಾಳದು ಸಂಜೆಗೆ. ಭಾಗ್ಯಶ್ರೀಯದು ಹಳದಿ.

"ಅವ್ವಾ, ಇನ್ನೊಮ್ಮೆ ಜಾರುಗಾಡಿ ಹತ್ತಿ ಬರ್ತೀ ಏನ?" ಎಂದಳು ಮೇಘನಾ, ಐದನೆಯ ದಿನ.

"ಹದಿನಾಕ್ ಸಲ ಹತ್ತೀನಿ. ಸೊಂಟ ಬಿದ್ದು ಹೋಗೇತಿ. ನನಗ ಸಾಕಾಗೇತವಾ, ದೇವರಾಣಿ ಸಾಕಾಗೇತಿ!" ಎಂದು ಭಾಗ್ಯಶ್ರೀ ಪಟ್ಟಿಯನ್ನು ಬಾಯಿ ಹತ್ತಿರ ತಂದು ಜೋರಾಗಿ ಹೇಳಿದರು. ಪಟ್ಟಿ ಹಳದಿಯಾಗಿಯೇ ಇತ್ತು.

ಆತಿಥ್ಯಾಧಿಕಾರಿ ಚಿರಂತ್ ಬೆಳಿಗ್ಗೆ ಸಂಜೆ ಬಂದು ಕೈಮುಗಿಯುತ್ತಿದ್ದ. "ದಯವಿಟ್ಟು ಬೇಜಾರು ಮಾಡ್ಕೋಬೇಡಿ ಮೇಡಂ. ಹೆಚ್ಚಿನ ದಿನಕ್ಕೆ ನಾವು ಏನೂ ತಗೊಳ್ಳಲ್ಲ. ಅಮ್ಮನಿಗೆ ಏನು ಇಷ್ಟ ಹೇಳಿ, ತರಿಸ್ತೀನಿ." ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಪೊಲೀಸರಿಗೆ ದೂರು ಕೊಡೋಣವೆಂದರೆ ಏನೆಂದು ಕೊಡುವುದು? ಹೊತ್ತುಹೊತ್ತಿಗೆ ಊಟ ಹಾಕುತ್ತಿದ್ದಾರೆ, ಮೆತ್ತನೆಯ ಹಾಸಿಗೆ ಕೊಟ್ಟಿದ್ದಾರೆ, ಆಟ ಆಡಿಸುತ್ತಿದ್ದಾರೆ ಎಂದೇ? ಟಿಕೆಟ್ಟಿಗೆ ಸಹಿ ಹಾಕಿದವರೂ ಇವರೇ. ಇಂಚರಾ ಹಿಮ ಕಂಡರೆ ಅಳತೊಡಗಿದಳು. ಮೇಘನಾ ಓದಲು ಕೂತರೆ ಹೊರಗಿನ ವಾದ್ಯದ ಗದ್ದಲಕ್ಕೆ ಒಂದು ಸಾಲೂ ತಲೆಗೆ ಹತ್ತುತ್ತಿರಲಿಲ್ಲ. ಒಂದು ದಿನ ಅವಳು ಪುಸ್ತಕ ಎಸೆದು, "ನಿನಗೇನ್ ಬೇಕಾಗೇತವ್ವಾ? ಬಾಯಿ ಬಿಟ್ಟು ಹೇಳು, ನನ್ನ ಜೀವನ ಹಾಳ್ ಮಾಡಬ್ಯಾಡ," ಎಂದು ಕೂಗಿಯೇಬಿಟ್ಟಳು. ಭಾಗ್ಯಶ್ರೀ ಬಚ್ಚಲಿಗೆ ಹೋಗಿ ಪಟ್ಟಿಯನ್ನು ಸಾಬೂನು ಹಚ್ಚಿ ಎಳೆದರು. ಮಣಿಕಟ್ಟು ಕೆಂಪಗಾಯಿತೇ ಹೊರತು ಪಟ್ಟಿ ಜಗ್ಗಲಿಲ್ಲ.

ಹನ್ನೊಂದನೆಯ ದಿನ, ಶನಿವಾರ ಮಧ್ಯಾಹ್ನ, ಮೈಸೂರಿನಿಂದ ಸುಮುಖರೇ ಬಂದರು. ಮಾಡಿದ್ದುಣ್ಣೋ ಮಹಾರಾಯ ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ಬಂದರು. ಮೂವರ ಪಟ್ಟಿಗಳು ಬರೆದಿಟ್ಟಿದ್ದ ರೇಖೆಗಳನ್ನು ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟು ನೋಡಿದರು. ಆಮೇಲೆ ಭಾಗ್ಯಶ್ರೀಯ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು.

"ಅಮ್ಮಾ, ನಿಮ್ಮ ಖಾನಾವಳಿಗೆ ಬಂದವರಿಗೆ ಸಾಕಾಯ್ತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗತೇತಿ ಬಿಡ್ರಿ. ಸಾಕು ಅಂತ ಕೈ ಅಡ್ಡ ಹಿಡದ್ರ ಸಾಕಾಗಿರೂದಿಲ್ಲ. ಬೆರಳಿನ ನಡುವ ಸಂದಿ ಬಿಟ್ಟಿರ್ತಾರ. ಖರೇ ಸಾಕಾದವರು ಕೈ ಅಡ್ಡ ಹಿಡಿಯೂದಿಲ್ರಿ, ನೀರಿನ ತಂಬಿಗಿ ಕಡೆ ನೋಡ್ತಾರ."

ಹನ್ನೆರಡು ವರ್ಷದ ಸಂಶೋಧನೆಯನ್ನು ಈಕೆ ಒಂದು ತಂಬಿಗೆಯಲ್ಲಿ ಮುಗಿಸಿದರಲ್ಲ ಎಂದು ಸುಮುಖರಿಗೆ ನಗು ಬಂತು. "ಮತ್ತೆ ನಿಮಗೆ? ನಿಮಗೆ ಸಾಕಾಯ್ತು ಅಂತ ಹೇಗೆ ತಿಳಿಯುತ್ತೆ?"

"ನಂದೇನ್ರಿ? ನಾ ಕಡೀಕ ಉಣ್ಣಾಕಿ. ಎಷ್ಟು ಉಳದಿರ್ತೈತಿ, ಅಷ್ಟಕ್ಕ ನನಗ ಸಾಕು."

ಸುಮುಖರ ನಗು ನಿಂತಿತು. ಅವರು ಮೇಘನಾಳನ್ನು ಕರೆದು ಪರದೆ ತೋರಿಸಿದರು. ಭಾಗ್ಯಶ್ರೀಯ ರೇಖೆಗೆ ತನ್ನದೇ ಆದ ಏರಿಳಿತವೇ ಇರಲಿಲ್ಲ. ಮೊಮ್ಮಗಳು ನಕ್ಕಾಗ, ಅದಾಗಿ ನಾಲ್ಕು ಸೆಕೆಂಡಿಗೆ, ಅಜ್ಜಿಯ ಅಂತರ ತಗ್ಗಿತ್ತು. ಮಗಳು ಹುಬ್ಬು ಗಂಟಿಕ್ಕಿದಾಗ ಹಿಗ್ಗಿತ್ತು.

"ನೀವಿಬ್ಬರೂ ಖುಷಿಯಾಗಿದ್ರೆ ಮಾತ್ರ ಇವರಿಗೆ ಸಾಕಾಗೋದು," ಎಂದರು ಸುಮುಖರು. "ನೀವು ಖುಷಿಯಾಗಬೇಕಂದ್ರೆ ಇಲ್ಲಿಂದ ಹೊರಗೆ ಹೋಗಬೇಕು. ಹೊರಗೆ ಹೋಗಬೇಕಂದ್ರೆ ಇವರಿಗೆ ಸಾಕಾಗಬೇಕು."

"ಅಂದ್ರ ನಾವು ಹೊರಗ ಹೋಗೂದ ಇಲ್ಲಲ್ರಿ ಸರ್!"

"ಒಂದು ದಾರಿ ಇದೆ. ನಿಯಮದಲ್ಲಿ ಅದಕ್ಕೆ ಪಂಕ್ತಿಭೇದ ಅಂತ ಹೆಸರು." ಆ ಪದದ ಹಳೆಯ ಅರ್ಥ ನೆನಪಾಗಿ ಅವರು ಒಂದು ಕ್ಷಣ ತಡೆದರು. "ಹಳದಿ ಇರೋರು ತಾವಾಗಿಯೇ ಬೇರೆ ಕೂರ್ತೀನಿ ಅಂತ ಸಹಿ ಮಾಡಿದ್ರೆ ಉಳಿದವರನ್ನ ಬಿಡಬಹುದು. ಆದ್ರೆ ಹಾಗೆ ಒಬ್ಬರೇ ಉಳಿದವರಲ್ಲಿ ಕೆಲವರಿಗೆ ತಿಂಗಳುಗಟ್ಟಲೆ ಹಸಿರು ಬಂದಿಲ್ಲ. ಮಧ್ಯದಲ್ಲಿ ಬಿಡಿಸೋ ಕೀಲಿಯನ್ನ ನಾನು ಇಟ್ಟೇ ಇಲ್ಲ, ಇಟ್ಟರೆ ಕಂಪನಿಯವರು ಬೇಡದ ಅತಿಥಿಗಳನ್ನ ಅರ್ಧಕ್ಕೇ ಎಬ್ಬಿಸಿ ಕಳಿಸ್ತಾರೆ ಅನ್ನೋ ಭಯ ಇತ್ತು. ನಿಯಮ ಬದಲಾಯಿಸೋಕೆ ಎಷ್ಟು ದಿನ ಬೇಕೋ ಹೇಳಲಾರೆ."

"ಎಲ್ಲಿ ಮಾಡ್ಲಿ ಸಹಿ?" ಎಂದರು ಭಾಗ್ಯಶ್ರೀ. ಮೇಘನಾ ಬೇಡವೆನ್ನಲು ಬಾಯಿ ತೆರೆದಳು. ಆದರೆ ಬೇಡ ಎನ್ನಲಿಲ್ಲ. ಸೋಮವಾರದ ಪರೀಕ್ಷೆ ಅವಳ ಬಾಯಿ ಕಟ್ಟಿತ್ತು. ಆ ಸಂಜೆಯ ರೈಲಿಗೇ ಅವಳು ಮಗಳನ್ನು ಕರೆದುಕೊಂಡು ಹೋದಳು. ರೈಲಿನಲ್ಲಿ ಅವಳು ಪುಸ್ತಕ ತೆರೆದಳೇ ಹೊರತು ಓದಲಿಲ್ಲ, ಹೊಸಪೇಟೆ ದಾಟುವ ತನಕ ಅತ್ತಳು.

ಭಾಗ್ಯಶ್ರೀ ಒಬ್ಬರೇ ಉಳಿದರು. ಆ ರಾತ್ರಿಯೆಲ್ಲ ರೇಖೆ ಸತ್ತಂತೆ ಬಿದ್ದುಕೊಂಡಿರುತ್ತದೆ ಎಂದು ಸುಮುಖರು ಎಣಿಸಿದ್ದರು. ಹಾಗಾಗಲಿಲ್ಲ. ಭಾನುವಾರ ಬೆಳಿಗ್ಗೆ ಆಕೆ ಯಾರನ್ನೂ ಎಬ್ಬಿಸದೆ, ಯಾರ ಬಾಟಲಿ ಚೀಲಗಳನ್ನೂ ಹೊರದೆ ಒಬ್ಬರೇ ಹೋಗಿ ಹಿಮದ ಮೇಲೆ ಕೂತರು. ಅದನ್ನು ಮುಟ್ಟಿ ನೋಡಿದರು. ಹನ್ನೊಂದು ದಿನ ಅಲ್ಲೇ ಇದ್ದರೂ ಅದನ್ನು ಕೈಯಲ್ಲಿ ಹಿಡಿದಿರಲಿಲ್ಲ! ಮಧ್ಯಾಹ್ನ ಊಟಕ್ಕೆ ಕೂತು, ಅನ್ನ ಆರಿದೆ ಎಂದು ತಟ್ಟೆ ವಾಪಸ್ಸು ಕಳಿಸಿದರು. ಎರಡನೆಯ ಸಲವೂ ಕಳಿಸಿದರು. ಬಿಸಿ ಬಂದ ಮೇಲೆ ಮುಕ್ಕಾಲು ಗಂಟೆ ಉಂಡರು. ಪರದೆಯ ಮೇಲೆ ಬಯಕೆಯ ರೇಖೆ ಏರಿತು, ಇಷ್ಟು ದಿನ ಇಲ್ಲದಿದ್ದ ಆಕೆಯದೇ ರೇಖೆ. ಸೋಮವಾರ ಇನ್ನೂ ಏರಿತು. ಸಿಕ್ಕಿದ್ದರ ರೇಖೆ ಅದರ ಹಿಂದೆ ನಿಧಾನವಾಗಿ ಹತ್ತುತ್ತಿತ್ತು. ಇಷ್ಟು ಹಸಿವನ್ನು ಸುಮುಖರು ಯಾರ ದಾಖಲೆಯಲ್ಲೂ ನೋಡಿರಲಿಲ್ಲ. ಈ ಎರಡು ರೇಖೆ ಕೂಡಲು ಇನ್ನೂ ನಲವತ್ತು ದಿನವಾದರೂ ಬೇಕು ಎಂದು ಯಂತ್ರ ಅಂದಾಜು ಕಟ್ಟಿತು. ಅವರಿಗೆ ಸಂಕಟವೂ ಆಯಿತು, ಸಂತೋಷವೂ ಆಯಿತು.

ಮಂಗಳವಾರ ಮೇಘನಾ ಇಂಚರಾಳ ಕೈ ಹಿಡಿದುಕೊಂಡು ಹೊರಬಾಗಿಲಿಗೆ ಬಂದು ನಿಂತಳು. ಗಾಜಿನ ಆಚೆಗೆ ತಾಯಿ ಬಂದರು. ಮುಖ ಬಿಸಿಲಿನಲ್ಲಿ ಆಡಿಬಂದ ಹುಡುಗಿಯಂತೆ ಕೆಂಪಾಗಿತ್ತು.

"ಅವ್ವಾ, ಪರೀಕ್ಷಾ ಚಲೋ ಆತು. ನೀ ಹೆಂಗದಿ?"

"ಚಲೋ ಅದೀನಿ. ಅಳಬ್ಯಾಡ, ಚಲೋ ಅದೀನಿ." ಭಾಗ್ಯಶ್ರೀ ಅತ್ತಿತ್ತ ನೋಡಿ, ಕದ್ದದ್ದನ್ನು ಒಪ್ಪಿಕೊಳ್ಳುವವರ ಹಾಗೆ ದನಿ ತಗ್ಗಿಸಿದರು. "ಮೇಘಾ, ನನಗ ಇನ್ನೂ ಸಾಕಾಗಿಲ್ಲವಾ."

ಮೇಘನಾ ಮೊದಲು ನಕ್ಕಳು. ಮೂವತ್ತೊಂಬತ್ತು ವರ್ಷದಲ್ಲಿ ತಾಯಿಯ ಬಾಯಲ್ಲಿ ಅವಳು ಈ ಮಾತು ಕೇಳಿದ್ದೇ ಇಲ್ಲ. ಆಮೇಲೆ, ಎರಡು ರಾತ್ರಿ ನಿದ್ದೆಗೆಟ್ಟವಳು, ಕೆಟ್ಟ ಮನಸ್ಸೇನೂ ಇಲ್ಲದೆ ಕೇಳಿದಳು: "ಮತ್ತ ಖಾನಾವಳಿ? ಬಾಗಲಾ ಹಾಕಿ ಹದಿನಾಲ್ಕು ದಿನ ಆತು. ಅಕ್ಕಾರು ಯಾವಾಗ ಬರ್ತಾರ ಅಂತ ಎಲ್ಲಾರೂ ಕೇಳಾಕ ಹತ್ಯಾರ."

ಒಳಗೆ ಪರದೆಯ ಮುಂದಿದ್ದ ಸುಮುಖರು ಎದ್ದು ನಿಂತರು. ತೃಪ್ತರಾದವರ ರೇಖೆಗಳು ಒಂದನ್ನೊಂದು ಮೆಲ್ಲಗೆ ಬಂದು ಕೂಡಿಕೊಳ್ಳುತ್ತವೆ. ಇದು ಹಾಗಲ್ಲ. ಬಯಕೆಯ ರೇಖೆ ಗುಂಡಿ ಒತ್ತಿ ದೀಪ ಆರಿಸಿದ ಹಾಗೆ ಒಂದೇ ಸಲಕ್ಕೆ ತಳಕ್ಕೆ ಬಿತ್ತು. ಬೇಕಾದದ್ದು ಏನೂ ಇಲ್ಲ, ಹಾಗಾಗಿ ಅಂತರವೂ ಇಲ್ಲ. ಅಂತರ ಸೊನ್ನೆ, ಸೊನ್ನೆಯಾಗಿ ಅಲ್ಲೇ ನಿಂತಿತು. ಪಟ್ಟಿ ಹಸಿರಾಯಿತು.

"ನಿಮಗೆ ಸಾಕಾಗಿದೆ," ಎಂದು ಬಾಗಿಲು ತೆರೆದುಕೊಂಡಿತು. ಪಟ್ಟಿ ತಾನಾಗಿ ಕಳಚಿ ಬಿತ್ತು. ಇಂಚರಾ ಓಡಿಹೋಗಿ ಅಜ್ಜಿಯನ್ನು ತಬ್ಬಿಕೊಂಡಳು. "ನೋಡಿದ್ಯಾ, ಆತಲ್ಲ. ನಡೀರಿ," ಎಂದು ಭಾಗ್ಯಶ್ರೀ ಸೆರಗಿಗೆ ಕೈ ಒರೆಸಿಕೊಂಡರು. ಕೈ ಒದ್ದೆಯೇನೂ ಆಗಿರಲಿಲ್ಲ.

ಸುಮುಖರು ಓಡುತ್ತ ಬಂದರು. "ಅಮ್ಮಾ, ನಿಲ್ಲಿ. ಇದು ನಿಜವಾದ ಹಸಿರಲ್ಲ. ಯಂತ್ರ ಮೋಸ ಹೋಯ್ತು. ಇನ್ನೂ ಇರಿ, ನಿಮಗೆ ಇನ್ನೂ..."

"ಇರ್ಲಿ ಬಿಡ್ರಿ ಸರ್," ಎಂದರು ಭಾಗ್ಯಶ್ರೀ. ಆ ದನಿಯಲ್ಲಿ ಸಿಟ್ಟಿರಲಿಲ್ಲ. "ನಾ ಸಾಕು ಅಂದ್ರ ಮನ್ಯಾಗ ಎಲ್ಲಾರೂ ನಂಬ್ತಾರ. ಈಗ ನಿಮ್ಮ ಯಂತ್ರಾನೂ ನಂಬಾಕ ಕಲೀತು." ಮಗಳ ಕೈಲಿದ್ದ ಚೀಲವನ್ನು ತಾವೇ ತೆಗೆದುಕೊಂಡು ಬಸ್ಸಿನ ಕಡೆ ನಡೆದರು.

ಆ ವಾರವಿಡೀ ಸುಮುಖರು ಹಳೆಯ ದಾಖಲೆಗಳನ್ನು ತೆರೆದು ಕೂತರು. ಮೆಲ್ಲಗೆ ಕೂಡಿದ ಹಸಿರು ಎಷ್ಟು, ಥಟ್ಟನೆ ಆರಿದ ಹಸಿರು ಎಷ್ಟು? ಮೊದಲ ಹತ್ತು ಸಾವಿರದಲ್ಲೇ ಆರಿದವು ಸಾವಿರದ ಎಂಟುನೂರು ಸಿಕ್ಕವು. ಹೆಚ್ಚಿನವು ಹೆಂಗಸರವು. ಬಹಳಷ್ಟರಲ್ಲಿ, ದೀಪ ಹೊತ್ತುವ ಮುಂಚಿನ ಕ್ಷಣದಲ್ಲಿ, ಬಾಗಿಲ ಬಳಿ ಯಾರೋ ಒಬ್ಬರು ಗಡಿಯಾರ ನೋಡಿದ್ದರು, ಇಲ್ಲವೇ ಸಣ್ಣದೊಂದು ಪ್ರಶ್ನೆ ಕೇಳಿದ್ದರು. ಇವರನ್ನೆಲ್ಲ ತೃಪ್ತರೆಂದು ಬರೆದುಕೊಂಡು ಬಾಗಿಲು ತೆರೆದು ಕಳಿಸಿದ್ದೇವಲ್ಲ ಎಂದುಕೊಂಡರು.

ಆದರೆ ದಾಖಲೆ ಇರುವುದು ಪಟ್ಟಿ ಬಂದ ಮೇಲಿನದು ಮಾತ್ರ. ಭಾಗ್ಯಶ್ರೀ ಖಾನಾವಳಿ ತೆರೆದು ಅಂದಿಗೆ ಮೂವತ್ತೆರಡು ವರ್ಷ. ಮೊದಲ ದಿನ ಎಲ್ಲರೂ ಉಂಡೆದ್ದ ಮೇಲೆ ಆಕೆ ಪಾತ್ರೆಯ ತಳ ನೋಡಿ, ನನಗ ಇಷ್ಟು ಸಾಕು ಎಂದಾಗ ಯಾವ ರೇಖೆಯೂ ಅದನ್ನು ಗುರುತು ಹಾಕಿಕೊಂಡಿರಲಿಲ್ಲ. ಲೆಕ್ಕ ಹಾಕಿ ನೋಡಿ, ಅದು ನೀವು ಇದನ್ನು ಓದುತ್ತಿರುವ ಈ ವರ್ಷವೇ, 2026. ಆಕೆಗೆ ಈಗ ಇಪ್ಪತ್ತೆಂಟು. ಯಾವುದೋ ಅಡುಗೆಮನೆಯಲ್ಲಿ ಬಡಿಸುತ್ತಿದ್ದಾಳೆ, ಇನ್ನೂ ಉಂಡಿಲ್ಲ.