ಸೇತುವೆಯ ಮೇಲೆ ರಿಸರ್ವ್

ಆ ಭಾನುವಾರ ಬೆಳಿಗ್ಗೆ ಮಿಸಿಸಿಪ್ಪಿ ನದಿಯಿಂದ ಎದ್ದ ಮಂಜು ಗುಡ್ಡ ಹತ್ತಿ ಬಂದು ಚರ್ಚಿನ ಅಂಗಳದಲ್ಲಿ ಕೂತುಬಿಟ್ಟಿತ್ತು. ಗೋಪುರದ ತುದಿ ಕಾಣುತ್ತಿರಲಿಲ್ಲ. ಸಾಲಾಗಿ ನಿಲ್ಲಿಸಿದ ಮೋಟರ್‌ಸೈಕಲ್‌ಗಳು ಮಲಗಿದ ದನಗಳ ಹಾಗೆ ಬೆನ್ನು ಮಾತ್ರ ತೋರಿಸುತ್ತಿದ್ದವು. ಓರಿನ್ ಟ್ವೇಟ್ ತನ್ನದನ್ನೂ ಸಾಲಿಗೆ ಸೇರಿಸಿ, ಕನ್ನಡಕ ತೆಗೆದು, ಹಿಂದಿನ ಜೇಬಿನಿಂದ ಕರವಸ್ತ್ರ ಎಳೆದು ಹನಿ ಒರೆಸಿಕೊಂಡ. ಮಾರ್ಚ್ ತಿಂಗಳಿಂದ ಅವನು ಈ ಬೆಳಗಿಗಾಗಿ ಎಲ್ಲವನ್ನೂ ಅಣಿಮಾಡಿಕೊಂಡಿದ್ದ. ಮಂಜು ಮಾತ್ರ ಅವನ ಲೆಕ್ಕದಲ್ಲಿ ಇರಲಿಲ್ಲ. ಕೇಳದೆಯೇ ಸಿಕ್ಕ ಈ ಉಪಕಾರಕ್ಕೆ ಅವನು ಮನಸ್ಸಿನಲ್ಲೇ ದೇವರನ್ನು ನೆನೆದ.

ಮಾರ್ಚಿನಲ್ಲಿ, ಹಿಮ ಕರಗಿ ರಸ್ತೆಬದಿಯಲ್ಲಿ ಕೆಸರಾಗಿದ್ದಾಗ, ಅವನು ಊರಿನ ಸಹಕಾರಿ ಸಂಘದ ಪೆಟ್ರೋಲ್ ಬಂಕಿಗೆ ಹೋಗಿದ್ದ. ಅಯೋವಾದ ಆ ಕಡೆ ಎಲ್ಲರೂ ಬೆಳೆಯುವುದು ಮೆಕ್ಕೆಜೋಳ. ಅದರಿಂದ ತೆಗೆದ ಎಥನಾಲ್ ಪೆಟ್ರೋಲಿಗೆ ಬೆರೆಯುತ್ತದೆ. ಆದರೆ ಹಳೆಯ ಮೋಟರ್‌ಸೈಕಲ್ ಇಟ್ಟುಕೊಂಡವರು ಮೂಲೆಯ ಪಂಪನ್ನೇ ಹುಡುಕಿಕೊಂಡು ಬರುತ್ತಾರೆ. ಅಲ್ಲಿ ಬರುವುದು ಎಥನಾಲ್ ಬೆರೆಸದ್ದು. ಬೆರೆಸಿದ್ದು ಚಳಿಗಾಲವೆಲ್ಲ ನಿಂತರೆ ಕಾರ್ಬ್ಯುರೇಟರ್ ಅಂಟುಗಟ್ಟುತ್ತದೆ, ಮೈಲೇಜೂ ಇಳಿಯುತ್ತದೆ ಎಂಬುದು ಅವರಿಗೆ ಧರ್ಮದಷ್ಟೇ ಖಚಿತ.

"ತಾನು ಬೆಳೆದ ಜೋಳ ತನ್ನ ಗಾಡಿಗೇ ಬೇಡ್ವಂತೆ, ನೋಡ್ರಪ್ಪ," ಎಂದು ಪಂಪಿನ ಬಳಿ ನಿಂತಿದ್ದ ಮುದುಕ ಗಸ್ ಎಂದಿನಂತೆ ಚುಚ್ಚಿದ. ಆಮೇಲೆ, "ಅದಿರ್ಲಿ ಓರಿನ್, ಒಳಗೆ ಹೋಗಿ ನೋಡು. ನಿನ್ ಗೆಳೆಯ ಬಾಟ್ಲಿ ಸೇರ್ಕೊಂಡಿದಾನೆ!"

ಅಂಗಡಿಯೊಳಗೆ, ಎಂಜಿನ್ ಆಯಿಲ್ ಡಬ್ಬಿಗಳ ಪಕ್ಕದಲ್ಲಿ, ಕೆಂಪು ಬಾಟಲಿಗಳ ಸಾಲು. ಪ್ರತಿಯೊಂದರ ಮೇಲೂ ಡ್ವೈಟ್ ಕ್ವಾಮ್‌ನ ನಗುಮುಖ. ಪೆಟ್ರೋಲಿಗೆ ಒಂದು ಮುಚ್ಚಳ ಹಾಕಿದರೆ ಕಾರ್ಬ್ಯುರೇಟರ್ ಶುದ್ಧ, ಮೈಲೇಜ್ ಏರಿಕೆ. ಟ್ಯಾಂಕಿನೊಳಗಿನ ನೀರನ್ನೂ ಕುಡಿದು ಮುಗಿಸುತ್ತದೆ. ಡ್ವೈಟ್ ತನ್ನ ಕೊಟ್ಟಿಗೆಯಲ್ಲಿ ಕಂಡುಹಿಡಿದ ಮನೆಮದ್ದು.

ಡ್ವೈಟ್‌ಗೆ ಕೊಟ್ಟಿಗೆಯೇ ಇರಲಿಲ್ಲ. ಕೊಟ್ಟಿಗೆ ಓರಿನ್‌ನದು. ಎಷ್ಟೋ ಚಳಿಗಾಲ ಅಲ್ಲಿ ಒಲೆಯ ಪಕ್ಕ ಕೂತು, ಜ್ಯಾಮ್ ಮುಗಿದ ಗಾಜಿನ ಜಾಡಿಗಳಲ್ಲಿ ಬೆರೆಸಿ, ಕುಲುಕಿ, ಬೆಳಕಿಗೆ ಹಿಡಿದು ನೋಡಿದವನು ಓರಿನ್. ಡ್ವೈಟ್‌ನ ಕೆಲಸ ಅದನ್ನು ಹಾಕಿ ಓಡಿಸಿ ನೋಡುವುದು: ಅದೇ ಬೈಕು, ಅದೇ ರಸ್ತೆ, ಅದೇ ಮೂಲೆಯ ಪಂಪಿನ ಪೆಟ್ರೋಲು. ಓಡಿಸಿ ಬಂದು ಕತೆ ಹೇಳುತ್ತಿದ್ದ, ನಗಿಸುತ್ತಿದ್ದ. ಹೆಂಡತಿ ತೀರಿಕೊಂಡ ವರ್ಷ ಓರಿನ್ ಮನುಷ್ಯನಾಗಿ ಉಳಿದದ್ದೇ ಆ ನಗುವಿನಿಂದ. ಈಗ ಅದೇ ನಗು ಅಂಗಡಿಯ ಕಪಾಟಿನಿಂದ ಅವನನ್ನು ನೋಡುತ್ತಿತ್ತು. ಅವನು ಬಾಟಲಿಯನ್ನು ಹಿಂದುಮುಂದಾಗಿ ತಿರುಗಿಸಿಟ್ಟು, ಏನೂ ಕೊಳ್ಳದೆ ಮನೆಗೆ ಬಂದ.

ಅವನು ಕೂಗಾಡಲಿಲ್ಲ, ವಕೀಲರ ಬಳಿಗೂ ಹೋಗಲಿಲ್ಲ. ಯೋಚಿಸಿದ. ಎಥನಾಲ್ ಬೆರೆಸಿದ ಪೆಟ್ರೋಲ್ ಅಷ್ಟಿಷ್ಟು ನೀರನ್ನು ತನ್ನೊಳಗೇ ಅಡಗಿಸಿಕೊಳ್ಳುತ್ತದೆ. ಬೆರೆಸದ ಪೆಟ್ರೋಲಿಗೆ ಆ ದಾಕ್ಷಿಣ್ಯವಿಲ್ಲ. ನೀರು ನೇರ ತಳಕ್ಕಿಳಿದು ಕೂರುತ್ತದೆ. ಹಳೆಯ ಟ್ಯಾಂಕಿನಲ್ಲಿ ಪೆಟ್ರೋಲ್ ಇಳಿಯಲು ಎರಡು ಬಾಯಿ. ಒಂದು ತಳಕ್ಕಿಂತ ಕೊಂಚ ಮೇಲೆ, ದಿನದ ಓಡಾಟಕ್ಕೆ. ಅಲ್ಲಿಗೆ ಪೆಟ್ರೋಲ್ ಸಿಗದೆ ಎಂಜಿನ್ ಕೆಮ್ಮಿದಾಗ ಸವಾರ ಎಡಗೈ ಇಳಿಸಿ ಟ್ಯಾಂಕಿನಡಿಯ ಪೆಟ್ರೋಲ್ ನಲ್ಲಿಯನ್ನು, ಅಂದರೆ ಕಾಕನ್ನು, ರಿಸರ್ವ್‌ಗೆ ತಿರುಗಿಸುತ್ತಾನೆ. ಆಗ ತೆರೆಯುವುದು ತಳದ ಬಾಯಿ. ತಳದಲ್ಲಿ ನೀರಿದ್ದರೆ ಎಂಜಿನ್ ಕೆಮ್ಮುವುದಿಲ್ಲ, ಸಾಯುತ್ತದೆ.

ಎಲ್ಲಿ ಸಾಯುತ್ತದೆ ಎಂಬುದನ್ನು ಓರಿನ್ ಬಲ್ಲ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಊರಿನ ಸವಾರರೆಲ್ಲ ಗಾಡಿಗಳನ್ನು ಚರ್ಚಿಗೆ ತಂದು ಆಶೀರ್ವಾದ ಮಾಡಿಸಿಕೊಂಡು, ಆಮೇಲೆ ಜೊತೆಯಾಗಿ ನದಿಯಾಚೆಯ ಗುಡ್ಡಗಳನ್ನು ಸುತ್ತಿ, ಹಳೆಯ ಕಬ್ಬಿಣದ ಸೇತುವೆಯ ಮೇಲೆ ವಾಪಸು ಬರುತ್ತಾರೆ. ಹಿಂದಿನ ಸಂಜೆ ಡ್ವೈಟ್ ಟ್ಯಾಂಕ್ ತುಂಬಿಸುತ್ತಾನೆ. ಆ ತುಂಬಿದ ಟ್ಯಾಂಕು ಪ್ರತಿ ವರ್ಷವೂ ಸೇತುವೆಯ ನಡುವೆಯೇ ರಿಸರ್ವ್‌ಗೆ ಬರುತ್ತದೆ. ಅಲ್ಲಿ ರಸ್ತೆ ಕಿರಿದು, ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಹಿಂದಿನಿಂದ ಗುಡ್ಡ ಇಳಿದು ಬರುವ ಕಲ್ಲಿನ ಲಾರಿಗಳಿಗೆ ಬ್ರೇಕು ಹಿಡಿಯುವುದು ನಿಧಾನ. ಡ್ವೈಟ್ ಯಾವಾಗಲೂ ಸಾಲಿನ ಕಟ್ಟಕಡೆಯವನು. ಯಾರಾದರೂ ಹಿಂದೆ ಬಿದ್ದರೆ ನೋಡಿಕೊಳ್ಳಬೇಕಲ್ಲ ಎನ್ನುತ್ತಾನೆ. ಅವನ ಹಿಂದೆ ಲಾರಿಗಳು ಮಾತ್ರ.

ಟ್ಯಾಂಕಿನಲ್ಲಿ ನೀರು ಸಿಕ್ಕರೆ ಯಾರೂ ಬೆರಗಾಗುವುದಿಲ್ಲ. ಚಳಿಗಾಲದಲ್ಲಿ ಅರೆಖಾಲಿ ಟ್ಯಾಂಕುಗಳು ಒಳಗೊಳಗೇ ಬೆವರುವುದು ಎಲ್ಲರಿಗೂ ಗೊತ್ತು. ನೀರನ್ನೂ ಕುಡಿಯುತ್ತದೆಂಬ ಬಾಟಲಿಯ ಸುಳ್ಳೂ ಬಯಲಾಗುತ್ತದೆ. ತಾನು ಕೊಲ್ಲುತ್ತಿಲ್ಲ ಎಂದು ಓರಿನ್ ತನಗೆ ತಾನೇ ಸಮಾಧಾನದಿಂದ ಹೇಳಿಕೊಂಡ. ತಾನು ಒಂದು ಲೋಟ ನೀರು ಹಾಕುತ್ತಿದ್ದೇನೆ, ಅಷ್ಟೇ. ಲಾರಿ ಬರುವುದೂ ಬಾರದಿರುವುದೂ ಮೇಲಿನವನ ಇಚ್ಛೆ.

ಚರ್ಚಿನ ನೆಲಮಾಳಿಗೆಯಲ್ಲಿ ಉಪಾಹಾರ ನಡೆದಿತ್ತು. ಪ್ಯಾನ್‌ಕೇಕು, ಹುರಿದ ಮಾಂಸದ ಸುರುಳಿ, ದೊಡ್ಡ ಪಾತ್ರೆಯಲ್ಲಿ ಕಾಫಿ. ಪಾಸ್ಟರ್ ಹೆಲ್ಗಾ ಊಟಕ್ಕೆ ಮುಂಚಿನ ಪ್ರಾರ್ಥನೆ ಹೇಳಿದಾಗ ಓರಿನ್ ಮನಃಪೂರ್ವಕವಾಗಿ ಆಮೆನ್ ಎಂದ.

"ಬಾರೋ, ಇಲ್ಲಿ ಕೂತ್ಕೊ," ಎಂದು ಡ್ವೈಟ್ ಬೆಂಚು ತಟ್ಟಿದ. "ಇನ್ನೂ ಮುಖ ಗಂಟು ಹಾಕ್ಕೊಂಡೇ ಇದೀಯಾ?"

"ಚಳಿ ಕಣೋ."

"ಚಳಿ ಅಲ್ಲ, ಬಾಟ್ಲಿ. ನಂಗೊತ್ತಿಲ್ವಾ?" ಡ್ವೈಟ್ ದನಿ ತಗ್ಗಿಸಿದ. "ನೋಡು, ನಿನ್ ಕೈಲೇ ಬಿಟ್ಟಿದ್ರೆ ಅದು ಆ ಜಾಡಿಗಳಲ್ಲೇ ಕೊಳೀತಿತ್ತು. ಇನ್ನೊಂದ್ ಸಲ ನೋಡೋಣ, ಇನ್ನೊಂದ್ ಸಲ ನೋಡೋಣ ಅಂತ ನೀನು ಸಾಯೋ ತನಕ ಕುಲುಕ್ತಾ ಇರ್ತಿದ್ದೆ. ನಾನು ಅದನ್ನ ಹೊರಗೆ ತಂದೆ. ಒಂದಿನ ನೀನೇ ಉಪಕಾರ ಆಯ್ತು ಅಂತೀಯ."

"ಇವತ್ತೇ ಅಂದ್ರೂ ಅಂದೇನು," ಎಂದ ಓರಿನ್.

ಡ್ವೈಟ್ ನಕ್ಕು ಅವನ ಬೆನ್ನಿಗೊಂದು ಗುದ್ದಿದ. ಎದುರಿಗಿದ್ದ ಗಸ್ ಬಾಯಿ ತುಂಬ ಪ್ಯಾನ್‌ಕೇಕು ಇಟ್ಟುಕೊಂಡೇ ಕೇಳಿದ: "ಏನಪ್ಪ ಬಾಟ್ಲಿ ಸಾಹೇಬ, ಈ ಸಲಾನೂ ಸೇತುವೆಗೆ ಸುಂಕ ಕಟ್ತೀಯೋ, ಇಲ್ಲ ನಿನ್ ಔಷಧಿ ಮನೇ ತನಕ ತಲುಪಿಸುತ್ತೋ?"

"ಗಡಿಯಾರ ತಪ್ಪಿದ್ರೂ ನನ್ ಗಾಡಿ ತಪ್ಪಲ್ಲ ತಾತ. ಸೇತುವೆ ನಡುವೆ ಒಂದ್ಸಲ ಕೆಮ್ಮುತ್ತೆ, ನಾನು ಕಾಕ್ ತಿರುಗಿಸ್ತೀನಿ, ಮತ್ತೆ ಓಡುತ್ತೆ."

ಎಲ್ಲರೂ ನಕ್ಕರು. ಆ ನಗುವಿನ ನಡುವೆ ಓರಿನ್ ಎದ್ದು, ಗ್ಲೌಸು ಮರೆತೆ ಎನ್ನುತ್ತ ಮೆಟ್ಟಿಲು ಹತ್ತಿದ.

ಹೊರಗೆ ಬಿಳಿ ಮಂಜು, ಬಿಳಿ ಮೌನ. ಡ್ವೈಟ್‌ನ ಗಾಡಿ ಸಾಲಿನ ತುದಿಯಲ್ಲಿತ್ತು. ಓರಿನ್ ಕೋಟಿನೊಳಗಿನ ನೀರಿನ ಫ್ಲಾಸ್ಕನ್ನು ಮುಟ್ಟಿ ನೋಡಿಕೊಂಡ. ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕುವ ಮೊದಲು ಅವನ ಕಣ್ಣು ಕೆಳಕ್ಕೆ, ಎಂಜಿನ್ನಿನ ಅಡಿಗೆ ಹೋಯಿತು. ಅಲ್ಲಿ ಚೌಕಟ್ಟಿಗೆ ಕಟ್ಟಿದ ಹೆಬ್ಬೆರಳಿನಷ್ಟೇ ದಪ್ಪದ ಗಂಟೆ ತೂಗುತ್ತಿತ್ತು.

ಸವಾರರೆಲ್ಲರ ಗಾಡಿಯಲ್ಲೂ ಅಂಥದೊಂದು ಇರುತ್ತದೆ. ದಾರಿಯ ದುಷ್ಟಶಕ್ತಿಗಳು ಅದರೊಳಗೆ ಸಿಕ್ಕಿ, ನಾದಕ್ಕೆ ಹುಚ್ಚು ಹಿಡಿದು ಉದುರಿಹೋಗುತ್ತವಂತೆ. ತಾನೇ ಕೊಂಡು ಕಟ್ಟಿಕೊಂಡರೆ ಫಲವಿಲ್ಲ, ಪ್ರೀತಿಸುವವರು ಕೊಡಬೇಕು. ಇದನ್ನು ಕೊಟ್ಟವನು ಓರಿನ್. ಕಟ್ಟುವಾಗ ಮಂಡಿಯೂರಿ, ಇವನನ್ನು ಕಾಯಪ್ಪ ಎಂದು ಬೇಡಿಕೊಂಡಿದ್ದ.

ಅವನ ಕೈ ನಿಂತಿತು. ಆ ಪ್ರಾರ್ಥನೆ ಅಲ್ಲಿ ತೂಗುತ್ತಿರುವಾಗ ಮೇಲಿಂದ ನೀರು ಸುರಿದರೆ ದೇವರ ಮುಂದೆ ಸುಳ್ಳುಗಾರನಾಗುತ್ತಾನೆ. ಅವನು ಅಷ್ಟಕ್ಕೆ ಇಳಿಯುವವನಲ್ಲ. ಕೊಟ್ಟವನು ಹಿಂದಕ್ಕೆ ತೆಗೆದುಕೊಂಡರೆ ಕಳ್ಳತನವಲ್ಲ. ಪ್ರಾರ್ಥನೆಯನ್ನು ಮರ್ಯಾದೆಯಿಂದ ವಾಪಸು ಪಡೆದ ಹಾಗೆ. ಅವನು ಮಂಡಿಯೂರಿ ಗಂಟೆ ಬಿಚ್ಚಿದ. ಸದ್ದಾಗದಂತೆ ಕರವಸ್ತ್ರದಲ್ಲಿ ಸುತ್ತಿ ಹಿಂದಿನ ಜೇಬಿಗಿಟ್ಟ. ಎಂಜಿನ್ ಶುರುವಾದ ಮೇಲೆ ಆ ಗದ್ದಲದಲ್ಲಿ ಗಂಟೆಯ ನಾದವನ್ನು ಯಾರು ಹುಡುಕುತ್ತಾರೆ? ಸೇತುವೆಯಲ್ಲಿ ಆಗುವುದು ಆದ ಮೇಲೆ ಗಂಟೆಯನ್ನೇ ಯಾರು ಹುಡುಕುತ್ತಾರೆ? ನದಿಗೆ ಬಿತ್ತು ಎಂದುಕೊಳ್ಳುತ್ತಾರೆ.

ಆಮೇಲೆ ಎಲ್ಲ ಸಲೀಸು. ಮುಚ್ಚಳ ತೆರೆಯಿತು. ನೀರು ಗುಳುಗುಳು ಎಂದು ಒಂದು ಸಲ ಮಾತಾಡಿ ತಳ ಸೇರಿತು. ಮುಚ್ಚಳದ ಮೇಲಿನ ಬೆರಳಿನ ಗುರುತನ್ನು ಮಂಜೇ ಒದ್ದೆ ಮಾಡಿ ಅಳಿಸುತ್ತಿತ್ತು. ಓರಿನ್ ಕೆಳಗಿಳಿದು ಹೋಗಿ ಇನ್ನೊಂದು ಪ್ಯಾನ್‌ಕೇಕು ಹಾಕಿಸಿಕೊಂಡ. ಮಾರ್ಚಿನಿಂದೀಚೆಗೆ ಅವನಿಗೆ ಹಸಿವಾದದ್ದು ಅದೇ ಮೊದಲು.

ಹೊತ್ತೇರಿ ಮಂಜು ಹರಿಯಿತು. ಸವಾರರು ತಮ್ಮ ತಮ್ಮ ಗಾಡಿಗಳ ಪಕ್ಕ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತರು. ಓರಿನ್ ಬೇಕೆಂದೇ ಡ್ವೈಟ್ ಪಕ್ಕ ಹೋಗಿ ನಿಂತ. ಇಂಥ ದಿನ ದೂರ ನಿಂತವನೇ ಜನರ ಕಣ್ಣಿಗೆ ಬೀಳುವವನು. ಪಾಸ್ಟರ್ ಹೆಲ್ಗಾ ಬಟ್ಟಲಿನ ನೀರಿನಲ್ಲಿ ದೇವದಾರು ರೆಂಬೆ ಅದ್ದಿ ಸಾಲಿನುದ್ದಕ್ಕೂ ಚಿಮುಕಿಸುತ್ತ ಬಂದಳು. ಹೋದವರು ಹೋದ ಹಾಗೇ ಮನೆಗೆ ಬರಲಿ ಎಂದು ಪ್ರತಿ ಗಾಡಿಗೂ ಹೇಳುತ್ತಿದ್ದಳು. ಅವಳ ಕೈ ಧಾರಾಳ. ಡ್ವೈಟ್‌ನ ಟ್ಯಾಂಕಿಗೆ ಬೀಸಿದ ರೆಂಬೆಯ ಹನಿಗಳು ಪಕ್ಕದ ಓರಿನ್‌ನ ಮುಖಕ್ಕೂ ಬಿದ್ದವು.

ಕನ್ನಡಕದ ಗಾಜು ಪೂರ್ತಿ ಮಸುಕಾಯಿತು. ಓರಿನ್‌ನ ಕೈ ತನ್ನ ಪಾಡಿಗೆ ತಾನು ಹಿಂದಿನ ಜೇಬಿಗೆ ಹೋಯಿತು, ಇದ್ದ ಒಂದೇ ಕರವಸ್ತ್ರವನ್ನು ಎಳೆದು ಎಂದಿನಂತೆ ಕೊಡವಿತು. ಪ್ರಾರ್ಥನೆಯ ಮೌನದಲ್ಲಿ ಡಾಂಬರಿನ ಮೇಲೆ ಪುಟ್ಟ ಗಂಟೆಯೊಂದು ಬಿದ್ದು, ಕಿಣಿಕಿಣಿ ಉರುಳಿ, ಡ್ವೈಟ್‌ನ ಬೂಟಿನ ಬಳಿ ನಿಂತಿತು. ಡ್ವೈಟ್ ಗಂಟೆಯನ್ನು ನೋಡಿದ. ಬಗ್ಗಿ ತನ್ನ ಎಂಜಿನ್ನಿನ ಅಡಿಯ ಬರಿದಾದ ಕೊಂಡಿಯನ್ನು ನೋಡಿದ. ಆಮೇಲೆ ಗೆಳೆಯನ ಮುಖ ನೋಡಿದ. ಬಾಟಲಿಯ ಮೇಲಿದ್ದ ಆ ನಗು ಈಗ ಅವನ ಮುಖದಲ್ಲಿ ಇರಲಿಲ್ಲ. ಕಾಯಲೆಂದು ಕಟ್ಟಿದ ಗಂಟೆಯನ್ನೇ ಬಿಚ್ಚಿದ ಕೈ ಇನ್ನೇನು ಮಾಡಿರಬಹುದು ಎಂದು ಅವನ ಕಣ್ಣು ಟ್ಯಾಂಕಿನ ಮುಚ್ಚಳಕ್ಕೆ, ಅಲ್ಲಿಂದ ಕಾಕಿಗೆ ಹೋಯಿತು. ಗಾಡಿಯ ಚೀಲದಿಂದ ಕೊಟ್ಟಿಗೆಯ ಕಾಲದ ಒಂದು ಜ್ಯಾಮ್ ಜಾಡಿ ತೆಗೆದು, ಕುಕ್ಕರುಗಾಲಲ್ಲಿ ಕೂತು, ಪೆಟ್ರೋಲ್ ಪೈಪು ಬಿಚ್ಚಿ, ಜಾಡಿಯನ್ನು ಅಡಿಗೆ ಹಿಡಿದು ಕಾಕನ್ನು ರಿಸರ್ವ್‌ಗೆ ತಿರುಗಿಸಿದ. ಓರಿನ್ ಕಲಿಸಿದ್ದ ಹಾಗೆಯೇ ಜಾಡಿಯನ್ನು ಬೆಳಕಿಗೆತ್ತಿದ. ಮೇಲೆ ಪೆಟ್ರೋಲು, ಕೆಳಗೆ ತಿಳಿನೀರು, ನಡುವೆ ದಾರ ಎಳೆದಂಥ ಗೆರೆ. ಗಂಟೆಯನ್ನು ಎತ್ತಿ ಜಾಡಿಯೊಳಗೆ ಬಿಟ್ಟ. ಅದು ಪೆಟ್ರೋಲನ್ನು ದಾಟಿ ನೀರಿನ ತಳಕ್ಕೆ ಹೋಗಿ ಕೂತಿತು. ಮುಚ್ಚಳ ಬಿಗಿದು, ಪಕ್ಕದ ಮನೆಯ ಪಾತ್ರೆಯನ್ನು ತೊಳೆದು ವಾಪಸು ಕೊಡುವವರ ಹಾಗೆ, ಎರಡೂ ಕೈಯಲ್ಲಿ ಹಿಡಿದು ಅದನ್ನು ಓರಿನ್‌ನ ಕೈಗೆ ಕೊಟ್ಟ.